ಕೀಟದ ಹೆಸರಿನಲ್ಲಿ ಉಳಿದ ದೇವರು: ಆಫ್ರಿಕಾನ್ಸ್ ರಂಗಭೂಮಿ ಮತ್ತು ಖೋಯ್-ಸಾನ್ ಪುರಾಣಗಳು

ಮುಂಗಾಲುಗಳನ್ನು ಕೈಮುಗಿದಂತೆ ಮಡಚಿಕೊಂಡು ಕೂರುವ ಮ್ಯಾಂಟಿಸ್ ಎಂಬ ಕೀಟಕ್ಕೆ ಆಫ್ರಿಕಾನ್ಸ್ ಭಾಷೆಯಲ್ಲಿ ‘ಹೊಟ್‌ನೊಟ್ಸ್‌ಖೊಟ್’ ಎನ್ನುತ್ತಾರೆ. ಪದವನ್ನು ಬಿಡಿಸಿದರೆ ‘ಹೊಟ್‌ನೊಟ್ಟರ ದೇವರು’ ಎಂದಾಗುತ್ತದೆ. ‘ಹೊಟ್‌ನೊಟ್’ ಎಂಬುದು ಕೇಪ್ ಪ್ರದೇಶದ ಮೂಲನಿವಾಸಿಗಳಿಗೆ ವಸಾಹತುಗಾರರು ಅಂಟಿಸಿದ ಹೆಸರು. ದಕ್ಷಿಣ ಆಫ್ರಿಕಾದಲ್ಲಿ ಇಂದು ಅದು ಬಾಯಿಗೆ ತರಬಾರದ ಬೈಗುಳ. ಆದರೆ ಅದೇ ನೆಲದ, ಸಾನ್ ಬೇಟೆಗಾರರ ಒಂದು ಗುಂಪಾದ ಖಾಮ್ ಜನರ ಕಥೆಗಳಲ್ಲಿ ಈ ಕೀಟದ ರೂಪ ತಾಳಬಲ್ಲ ಕಾಗೆನ್ ಎಂಬ ಆದಿಪುರುಷನಿದ್ದಾನೆ. ಅವನು ಚೇಷ್ಟೆಗಾರ, ಮೋಸಗಾರ, ಸೃಷ್ಟಿಕರ್ತ. ಅಳಿಯನ ಪಾದರಕ್ಷೆಯಿಂದ ಎಲಾಂಡ್ ಎಂಬ ದೊಡ್ಡ ಹುಲ್ಲೆಯನ್ನು ರೂಪಿಸಿದವನು, ತನ್ನ ಪಾದರಕ್ಷೆಯನ್ನು ಆಕಾಶಕ್ಕೆ ಎಸೆದು ಚಂದ್ರನನ್ನು ಮಾಡಿದವನು. ಹೀಗೆ ಒಂದು ಜನಾಂಗದ ಪುರಾಣವೂ ಆ ಜನಾಂಗಕ್ಕೆ ಆದ ಅವಮಾನವೂ ಒಂದೇ ಪದದೊಳಗೆ ಕೂಡಿಕೊಂಡಿವೆ. ಆಫ್ರಿಕಾನ್ಸ್ ನಾಟಕವೊಂದು ಮೂಲನಿವಾಸಿ ಪುರಾಣವನ್ನು ರಂಗಕ್ಕೆ ತರಲು ಹೊರಟಾಗ ಅದು ಕೈಗೆತ್ತಿಕೊಳ್ಳುವ ಭಾಷೆ ಇಂಥದ್ದು, ಮತ್ತು ಅಂಥ ನಾಟಕದ ಕುರಿತ ಪ್ರತಿಯೊಂದು ಚರ್ಚೆಯೂ ಈ ಇಕ್ಕಟ್ಟಿನಿಂದಲೇ ಆರಂಭವಾಗಬೇಕು ಎಂದು ನನಗನ್ನಿಸುತ್ತದೆ.

ಈಚಿನ ವರ್ಷಗಳಲ್ಲಿ ಈ ಬಗೆಯ ರಂಗಪ್ರಯತ್ನಗಳು ಅಪರೂಪವಲ್ಲ. ಕರೂ ಬಯಲಿನ ಹೊಳೆ-ಮಡುಗಳಲ್ಲಿ ಇರುತ್ತಾಳೆಂದು ಜನ ನಂಬುವ ನೀರಿನ ಹೆಣ್ಣು, ಅಂದರೆ ‘ವಾಟರ್‌ಮೇಯ್ಡ್’, ಅಮೀ ಲೆಕಾಸ್ ಅವರ ‘ಡಾನ್ಸ್ ಫಾನ್ ಡಿ ವಾಟರ್‌ಮೇಯ್ಡ್’ ಎಂಬ ಆಫ್ರಿಕಾನ್ಸ್ ನಾಟಕದ ಹೆಸರಿನಲ್ಲೇ ಇದ್ದಾಳೆ. ಜಲಸರ್ಪ, ಮಳೆಯ ಗೂಳಿ, ನರಿ ಮತ್ತು ಕತ್ತೆಕಿರುಬ ಮುಂತಾದ ಪಾತ್ರಗಳು ಮಕ್ಕಳ ನಾಟಕದಿಂದ ಹಿಡಿದು ಪ್ರಯೋಗಶೀಲ ರಂಗದವರೆಗೆ ಓಡಾಡುತ್ತಿವೆ. ಇದನ್ನು ಕಂಡು ಸಂತೋಷಪಡುವವರಿದ್ದಾರೆ, ಸಂಶಯಪಡುವವರೂ ಇದ್ದಾರೆ. 1976ರಲ್ಲಿ ಸೊವೆಟೊದ ಶಾಲಾ ಮಕ್ಕಳು ಯಾವ ಭಾಷೆಯ ಹೇರಿಕೆಯನ್ನು ವಿರೋಧಿಸಿ ಬೀದಿಗಿಳಿದು ಗುಂಡಿಗೆ ಬಲಿಯಾದರೋ, ಅದೇ ಭಾಷೆ ಈಗ ಮೂಲನಿವಾಸಿಗಳ ಪುರಾಣಗಳನ್ನು ಹೇಳುತ್ತಿದೆಯಲ್ಲ, ಅದಕ್ಕೆ ಆ ಹಕ್ಕು ಎಲ್ಲಿಂದ ಬಂತು ಎಂಬುದು ಸಂಶಯಪಡುವವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದು. ಆದರೆ ಆಫ್ರಿಕಾನ್ಸ್ ಎಂದರೆ ಬಿಳಿಯರ ಭಾಷೆ ಎಂಬ ಗ್ರಹಿಕೆ ಅದರ ಅಡಿಯಲ್ಲಿದ್ದರೆ, ಆ ಗ್ರಹಿಕೆಯನ್ನು ಮೊದಲು ಪರೀಕ್ಷಿಸಬೇಕಾಗುತ್ತದೆ.

1652ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಕೇಪ್‌ನಲ್ಲಿ ನೆಲೆಯೂರಿದ ಮೇಲೆ, ಡಚ್ ಭಾಷೆಯನ್ನು ಅಡುಗೆಮನೆಯಲ್ಲಿ, ಕುರಿದೊಡ್ಡಿಯಲ್ಲಿ, ದ್ರಾಕ್ಷಿತೋಟದಲ್ಲಿ ಮುರಿದು ಕಟ್ಟಿದವರು ಬಹುಪಾಲು ಆ ಭಾಷೆಗೆ ಹುಟ್ಟದವರು. ಖೋಯ್ ದನಗಾಹಿಗಳು, ಸಾನ್ ಬೇಟೆಗಾರರು ಮತ್ತು ಸುಮಾರು ಒಂದೂವರೆ ಶತಮಾನದ ಅವಧಿಯಲ್ಲಿ ಹಡಗುಗಳಲ್ಲಿ ತಂದಿಳಿಸಿದ 60 ಸಾವಿರದಷ್ಟು ಗುಲಾಮರು ಅವರಲ್ಲಿದ್ದರು. ಈ ಗುಲಾಮರು ಮಡಗಾಸ್ಕರ್, ಮೊಜಾಂಬಿಕ್, ಇಂಡೊನೇಷ್ಯಾದ ದ್ವೀಪಗಳು ಮತ್ತು ಭಾರತದಿಂದ ಬಂದವರು; ಮಲಬಾರ್, ಕೋರಮಂಡಲ, ಬಂಗಾಳಗಳ ಹೆಸರನ್ನೇ ಅಡ್ಡಹೆಸರಾಗಿ ಹೊತ್ತ ಗಂಡಸರು ಹೆಂಗಸರು ಕೇಪ್‌ನ ಹಳೆಯ ದಾಖಲೆಗಳಲ್ಲಿ ಹೇರಳವಾಗಿ ಸಿಗುತ್ತಾರೆ. ನಮ್ಮ ಕರಾವಳಿಯ ಸಾಲಿನಿಂದಲೇ ಹೋದವರ ನಾಲಿಗೆಯೂ ಈ ಭಾಷೆಯ ಹುಟ್ಟಿನಲ್ಲಿ ಸೇರಿದೆ ಎಂಬುದು ಕನ್ನಡದ ಓದುಗರು ನೆನಪಿಡಬೇಕಾದ ಸಂಗತಿ. ಹುಳಹುಪ್ಪಟೆಗೆ ‘ಖೊಖಾ’, ಕೈಕೋಲಿಗೆ ‘ಕೀರಿ’, ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವುದಕ್ಕೆ ‘ಅಬ್ಬಾ’ ಎನ್ನುವ ಆಫ್ರಿಕಾನ್ಸ್ ಪದಗಳು ಖೋಯ್ ಮೂಲದವು. ಬಿಳಿಯ ರಾಷ್ಟ್ರೀಯವಾದಿಗಳು 1875ರಲ್ಲಿ ಪಾರ್ಲ್ ಪಟ್ಟಣದಲ್ಲಿ ಸಂಘ ಕಟ್ಟಿ ಇದು ತಮ್ಮ ಭಾಷೆ ಎಂದು ಸಾರುತ್ತಿದ್ದ ಅದೇ ಕಾಲದಲ್ಲಿ, ಕೇಪ್‌ನ ಮುಸ್ಲಿಮರಿಗಾಗಿ ಅಬೂಬಕರ್ ಎಫೆಂದಿ ಅರಬ್ಬಿ ಲಿಪಿಯಲ್ಲಿ ಆಫ್ರಿಕಾನ್ಸ್ ಬರೆದಿದ್ದರು. ಅವರ ಧರ್ಮಗ್ರಂಥ 1877ರಲ್ಲಿ ಇಸ್ತಾಂಬುಲ್‌ನಲ್ಲಿ ಅಚ್ಚಾಯಿತು. 2011ರ ಜನಗಣತಿಯ ಪ್ರಕಾರ ಸುಮಾರು 69 ಲಕ್ಷ ಜನರಿಗೆ ಆಫ್ರಿಕಾನ್ಸ್ ಮನೆಮಾತು, ಮತ್ತು ಅವರಲ್ಲಿ ಬಿಳಿಯರಿಗಿಂತ ‘ಕಲರ್ಡ್’ ಎಂದು ಸರ್ಕಾರ ವಿಂಗಡಿಸಿರುವ ಸಮುದಾಯದವರೇ ಹೆಚ್ಚು. ಗುಲಾಮರ ಮತ್ತು ಖೋಯ್-ಸಾನ್ ಜನರ ವಂಶಸ್ಥರು ದೊಡ್ಡ ಸಂಖ್ಯೆಯಲ್ಲಿ ಇರುವುದು ಈ ಸಮುದಾಯದಲ್ಲಿ.

ಇದರ ಪರಿಣಾಮ ಪುರಾಣಗಳ ಮಟ್ಟಿಗೆ ಗಂಭೀರವಾದದ್ದು. ಖಾಮ್ ಭಾಷೆಯನ್ನು ಮಾತನಾಡುವವರು ಇಂದು ಯಾರೂ ಇಲ್ಲ. ಹದಿನೆಂಟನೆಯ ಶತಮಾನದ ಉತ್ತರಾರ್ಧದಿಂದ ವಸಾಹತುಗಾರರ ಸಶಸ್ತ್ರ ತಂಡಗಳು ಆ ಜನರನ್ನು ಬೇಟೆಯಾಡಿ ಕೊಂದವು. ಉಳಿದವರು ಜಮೀನುಗಳಲ್ಲಿ ಕುರಿ ಕಾಯುವ ಆಳುಗಳಾದರು, ಅವರ ಮಕ್ಕಳು ಒಡೆಯನ ಭಾಷೆಯಲ್ಲಿ ಬೆಳೆದರು. ಭಾಷೆ ಸತ್ತರೂ ಕಥೆಗಳೆಲ್ಲ ಒಮ್ಮೆಲೇ ಸಾಯಲಿಲ್ಲ. ಜಲಸರ್ಪ, ನೀರಿನ ಹೆಣ್ಣು, ಚಂದ್ರನ ಮಾತನ್ನು ತಪ್ಪಾಗಿ ತಲುಪಿಸಿ ತುಟಿ ಸೀಳಿಸಿಕೊಂಡು ಮನುಷ್ಯರಿಗೆ ಸಾವನ್ನು ತಂದ ಮೊಲ ಮುಂತಾದವು ಅಜ್ಜಿಯರ ಬಾಯಲ್ಲಿ ಆಫ್ರಿಕಾನ್ಸ್‌ಗೆ ದಾಟಿದವು. ನರಿಯ ಕಥೆಗಳಲ್ಲಿ ಬರುವ ‘ವೊಲ್ಫ್’ ಡಚ್ ಭಾಷೆಯಲ್ಲಿ ತೋಳವಾದರೂ ಆಫ್ರಿಕಾನ್ಸ್ ಕಥೆಗಳಲ್ಲಿ ಅದು ಕತ್ತೆಕಿರುಬ. ಯುರೋಪಿನ ಪದದೊಳಗೆ ಆಫ್ರಿಕಾದ ಪ್ರಾಣಿ ಬಂದು ಸೇರಿಕೊಂಡಿತು. ಆದ್ದರಿಂದ ಉತ್ತರ ಕೇಪ್‌ನ ಒಂದು ಹಳ್ಳಿಯಲ್ಲಿ ಹುಟ್ಟಿದ, ಖಾಮ್ ಪೂರ್ವಜರ ವಂಶದ ನಾಟಕಕಾರರೊಬ್ಬರು ಆಫ್ರಿಕಾನ್ಸ್‌ನಲ್ಲಿ ಮಳೆಯ ಗೂಳಿಯ ಬಗ್ಗೆ ಬರೆದರೆ, ಅದನ್ನು ಅನುವಾದ ಎಂದು ಕರೆಯುವುದು ತಪ್ಪಾಗುತ್ತದೆ. ಆ ಕಥೆ ಅವರಿಗೆ ಸಿಕ್ಕಿದ್ದೇ ಆ ಭಾಷೆಯಲ್ಲಿ.

ಆದರೆ ರಂಗಕರ್ಮಿಗಳು ಸಾಮಾನ್ಯವಾಗಿ ಕೈಹಾಕುವುದು ಈ ಬಾಯಿಮಾತಿನ ಸೆಲೆಗಲ್ಲ, ಬರಹದ ಭಂಡಾರಕ್ಕೆ. ಅಲ್ಲಿಯ ಕಥೆ ಬೇರೆ. 1871ರಲ್ಲಿ ಕೇಪ್‌ಟೌನ್‌ನ ಬ್ರೇಕ್‌ವಾಟರ್ ಜೈಲಿನಲ್ಲಿದ್ದ, ಜಾನುವಾರು ಕಳವಿನ ಅಪರಾಧಕ್ಕೆ ಶಿಕ್ಷೆಗೊಳಗಾದ ಕಾಬೊ ಎಂಬ ಖಾಮ್ ವೃದ್ಧನನ್ನು ಜರ್ಮನ್ ಭಾಷಾವಿದ್ವಾಂಸ ವಿಲ್ಹೆಲ್ಮ್ ಬ್ಲೀಕ್ ತನ್ನ ಮೌಬ್ರೆಯ ಮನೆಗೆ ಕರೆತಂದ. ‘ಕಾಬೊ’ ಎಂದರೆ ಕನಸು. ಬ್ಲೀಕ್ ಮತ್ತು ಅವನ ನಾದಿನಿ ಲೂಸಿ ಲಾಯ್ಡ್ ಕಾಬೊನಿಂದ, ಅನಂತರ ದಿಯಾಕ್ವೇನ್ ಮುಂತಾದವರಿಂದ ಕೇಳಿ ಬರೆದುಕೊಂಡ ಟಿಪ್ಪಣಿಪುಸ್ತಕಗಳು 12 ಸಾವಿರಕ್ಕೂ ಹೆಚ್ಚು ಪುಟಗಳಷ್ಟಿವೆ. 1997ರಲ್ಲಿ ಯುನೆಸ್ಕೊ ಅವನ್ನು ವಿಶ್ವಸ್ಮೃತಿ ಪಟ್ಟಿಗೆ ಸೇರಿಸಿತು. ಕಾಬೊ ತನ್ನ ಊರಿಗೆ ಮರಳಿ ಅಲ್ಲಿನವರ ಕಥೆಗಳನ್ನು ಕೂತು ಕೇಳಬೇಕೆಂದು, ಕಥೆ ದೂರದಿಂದ ಗಾಳಿಯಂತೆ ತೇಲಿ ಬರುತ್ತದೆಂದು ಹೇಳಿದ ಮಾತುಗಳು ಆ ಪುಟಗಳಲ್ಲಿವೆ. 1873ರಲ್ಲಿ ಅವನು ಮರಳಿದ. ಮೂರು ವರ್ಷ ತುಂಬುವುದರೊಳಗೆ ತೀರಿಕೊಂಡ. ಇಂದು ಖಾಮ್ ಪುರಾಣವನ್ನು ಆಧರಿಸಿದ ಯಾವುದೇ ನಾಟಕ, ನೃತ್ಯ, ಕಾವ್ಯ ಬಹುಮಟ್ಟಿಗೆ ಈ ಪುಟಗಳಿಗೆ ಋಣಿಯಾಗಿದೆ. ಎಂದರೆ, ಕೈದಿಯೊಬ್ಬ ಮನೆಯ ಹಂಬಲದಲ್ಲಿ ಹೇಳಿದ ಮಾತುಗಳಿಗೆ ಋಣಿಯಾಗಿದೆ.

ಆಫ್ರಿಕಾನ್ಸ್ ಸಾಹಿತ್ಯಕ್ಕೆ ತನ್ನದೇ ಆದ ಇನ್ನೆರಡು ಮೂಲಗಳಿವೆ. ಜಿ. ಆರ್. ಫಾನ್ ವೀಲಿಖ್ ಎಂಬ ಭೂಮಾಪಕ ವಾಯವ್ಯ ಕೇಪ್‌ನಲ್ಲಿ ಸಾನ್ ಕೂಲಿಗಳಿಂದ ಕೇಳಿದ ಕಥೆಗಳನ್ನು 1919ರಿಂದ 1921ರವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದ. ಯೂಜೀನ್ ಮರೇ 1927ರಲ್ಲಿ ‘ಡ್ವಾಲ್‌ಸ್ಟೋರೀಸ್’ ಎಂಬ ನಾಲ್ಕು ಕಥೆಗಳ ಪುಟ್ಟ ಪುಸ್ತಕ ತಂದ; ಹೆಂಡ್ರಿಕ್ ಎಂಬ ಸಾನ್ ಮುದುಕನಿಂದ ಇವುಗಳನ್ನು ಕೇಳಿದ್ದಾಗಿ ಅವನೇ ಬರೆದಿದ್ದಾನೆ. ಆಫ್ರಿಕಾನ್ಸ್ ಗದ್ಯದಲ್ಲಿ ಇಷ್ಟು ಬಿಗಿಯಾದ, ಇಷ್ಟು ನಿಗೂಢವಾದ ಬರವಣಿಗೆ ವಿರಳ, ಮತ್ತು ಅದರ ಲಯದಲ್ಲಿ ಪುನರಾವರ್ತನೆಯ ಹಾಡು ಇರುವುದರಿಂದ ರಂಗಕ್ಕೆ ಅದು ತಾನಾಗಿಯೇ ಒಗ್ಗುತ್ತದೆ. ಹೆಂಡ್ರಿಕ್ ಎಷ್ಟು ಹೇಳಿದ, ಮರೇ ಎಷ್ಟು ಸೇರಿಸಿದ ಎಂದು ಇಂದು ಬೇರ್ಪಡಿಸುವ ದಾರಿಯಿಲ್ಲ. ಪುಸ್ತಕದ ಮುಖಪುಟದ ಮೇಲೆ ಮಾತ್ರ ಒಂದೇ ಹೆಸರಿದೆ. ಮುದುಕನಿಗೆ ಒಂದು ಕುಲನಾಮವೂ ದಕ್ಕಲಿಲ್ಲ.

ಈ ಹೆಸರಿನ ವಿಷಯ ಹಳೆಯ ಗಾಯವಾಗಿ ಉಳಿದಿಲ್ಲ, ಆಗಾಗ ಮತ್ತೆ ಕೆದಕಿಕೊಳ್ಳುತ್ತದೆ. 2004ರಲ್ಲಿ ಕವಯಿತ್ರಿ ಆಂಟ್ಯಿ ಕ್ರೊಖ್ ಬ್ಲೀಕ್-ಲಾಯ್ಡ್ ಟಿಪ್ಪಣಿಗಳಿಂದ ಆಯ್ದ ಭಾಗಗಳನ್ನು ಆಫ್ರಿಕಾನ್ಸ್ ಮತ್ತು ಇಂಗ್ಲಿಷ್ ಕವಿತೆಗಳಾಗಿ ಪ್ರಕಟಿಸಿದರು. ಅದಕ್ಕೂ ಮೊದಲು, 1991ರಲ್ಲಿ, ಅವೇ ಟಿಪ್ಪಣಿಗಳಿಂದ ಇಂಗ್ಲಿಷ್ ಕವಿತೆಗಳನ್ನು ಮಾಡಿದ್ದ ಸ್ಟೀಫನ್ ವಾಟ್ಸನ್, ಕ್ರೊಖ್ ತನ್ನ ಯೋಜನೆಯನ್ನೇ ನಕಲು ಮಾಡಿದ್ದಾರೆಂದು 2006ರಲ್ಲಿ ಬಹಿರಂಗವಾಗಿ ಆರೋಪಿಸಿದರು. ಕ್ರೊಖ್ ಅದನ್ನು ಅಲ್ಲಗಳೆದರು. ಯಾರದು ಸರಿ ಎಂಬ ತೀರ್ಪಿಗಿಂತ ನನ್ನನ್ನು ಹೆಚ್ಚು ಕಾಡುವುದು ಆ ಜಗಳದ ಸ್ವರೂಪ. ಕಾಬೊ ಮತ್ತು ಅವನ ಸಂಗಡಿಗರ ಮಾತುಗಳ ಮೇಲೆ ಯಾರಿಗೆ ಹಕ್ಕು ಎಂಬ ವಾದ ವಾರಗಟ್ಟಲೆ ನಡೆದಾಗ ವಾದಿ, ಪ್ರತಿವಾದಿ ಇಬ್ಬರೂ ಬಿಳಿಯ ಕವಿಗಳಾಗಿದ್ದರು. ಇದಕ್ಕೂ ಹಿಂದೆ, 1996ರಲ್ಲಿ ಕೇಪ್‌ಟೌನ್‌ನ ರಾಷ್ಟ್ರೀಯ ಕಲಾಗ್ಯಾಲರಿಯಲ್ಲಿ ‘ಮಿಸ್‌ಕಾಸ್ಟ್’ ಪ್ರದರ್ಶನ ನಡೆದಾಗ, ವಸಾಹತುಶಾಹಿ ಹಿಂಸೆಯನ್ನು ಬಯಲಿಗಿಡುವ ಉದ್ದೇಶದಿಂದಲೇ ಅಲ್ಲಿ ಇಟ್ಟಿದ್ದ ದೇಹಗಳ ಅಚ್ಚುಗಳನ್ನು, ಕಾಲಿಟ್ಟು ನಡೆಯುವಂತೆ ನೆಲಕ್ಕೆ ಹಾಸಿದ್ದ ಚಿತ್ರಗಳನ್ನು ಕಂಡು ಖೋಯ್-ಸಾನ್ ವಂಶಸ್ಥರು ನೊಂದು ಪ್ರತಿಭಟಿಸಿದ್ದರು. ಒಳ್ಳೆಯ ಉದ್ದೇಶ ಇದ್ದ ಮಾತ್ರಕ್ಕೆ ನೋವು ತಪ್ಪುವುದಿಲ್ಲ ಎಂಬುದನ್ನು ರಂಗಭೂಮಿಯವರು ಆ ಪ್ರದರ್ಶನದಿಂದ ಕಲಿಯಬಹುದು.

ಇನ್ನು ರಂಗಭೂಮಿಯ ಒಳಗಿನ ಇತಿಹಾಸ. ವರ್ಣಭೇದದ ಕಾಲದಲ್ಲಿ ಸರ್ಕಾರದ ಹಣ ಹರಿಯುತ್ತಿದ್ದುದು 1963ರಲ್ಲಿ ಸ್ಥಾಪನೆಯಾದ ಪ್ರಾಂತೀಯ ರಂಗಮಂಡಳಿಗಳಿಗೆ, ಅವುಗಳ ಮೂಲಕ ಬಿಳಿಯ ಪ್ರೇಕ್ಷಕರಿಗೆ. ಕೇಪ್‌ಟೌನ್‌ನ ನಿಕೊ ಮಲಾನ್ ರಂಗಮಂದಿರ 1971ರಲ್ಲಿ ಬಿಳಿಯರಿಗೆ ಮಾತ್ರ ಎಂದು ತೆರೆದುಕೊಂಡಿತು. 1975ರಲ್ಲಷ್ಟೇ ಉಳಿದವರಿಗೆ ಪ್ರವೇಶ ಸಿಕ್ಕಿತು. ಆ ಹೊತ್ತಿಗಾಗಲೇ ಆಡಮ್ ಸ್ಮಾಲ್ 1965ರಲ್ಲಿ ‘ಕನ್ನಾ ಹೇ ಕೊ ಹೈಸ್ಟೂ’ ನಾಟಕ ಬರೆದು, ಕೇಪ್‌ನ ಬಡ ಬೀದಿಗಳ ‘ಕಾಪ್ಸ್’ ಎಂಬ ಆಫ್ರಿಕಾನ್ಸ್‌ಗೆ ರಂಗದ ಘನತೆ ತಂದುಕೊಟ್ಟಿದ್ದರು. ಅದರಲ್ಲಿ ಪುರಾಣದ ದೇವತೆಗಳಿಲ್ಲ, ಆದರೂ ಇಂದಿನ ಪುರಾಣನಾಟಕಗಳಿಗೆ ಅದೇ ತಾಯಿಬೇರು ಎಂದು ನಾನು ಭಾವಿಸುತ್ತೇನೆ. ಶಿಷ್ಟ ಆಫ್ರಿಕಾನ್ಸ್‌ನಲ್ಲಿ ಮಾತನಾಡುವ ಕಾಗೆನ್ ಚರ್ಚಿನ ಪಾದ್ರಿಯಂತೆ ಕೇಳಿಸುತ್ತಾನೆ. ಹೊಲಮನೆಯ ಕೂಲಿಯ, ಕುರಿತುಪ್ಪಟ ಕತ್ತರಿಸುವವನ, ಮೀನುಗಾರ್ತಿಯ ಆಫ್ರಿಕಾನ್ಸ್ ರಂಗದ ಮೇಲೆ ಬರಬಹುದು ಎಂದು ಒಬ್ಬರು ತೋರಿಸದೆ ಇದ್ದಿದ್ದರೆ ಪುರಾಣಕ್ಕೆ ಬಾಯಿಯೇ ಇರುತ್ತಿರಲಿಲ್ಲ. ಆಫ್ರಿಕಾನ್ಸ್‌ನ ಅತ್ಯುನ್ನತ ಸಾಹಿತ್ಯ ಗೌರವವಾದ ಹೆರ್ಟ್‌ಜೊಖ್ ಪ್ರಶಸ್ತಿ ಸ್ಮಾಲ್ ಅವರಿಗೆ ದೊರೆತದ್ದು 2012ರಲ್ಲಿ, ಆ ನಾಟಕ ಬಂದು 47 ವರ್ಷಗಳಾದ ಮೇಲೆ. ಅದೇ ನಿಕೊ ಮಲಾನ್ ಈಗ ಆರ್ಟ್‌ಸ್ಕೇಪ್ ಎಂಬ ಹೆಸರಿನಲ್ಲಿದೆ, ಮತ್ತು 2003ರಿಂದ ಅಲ್ಲಿ ನಡೆಯುತ್ತಿರುವ ಸೌಡೂಸ್ಟರ್‌ಫೇಸ್ ಉತ್ಸವ ಕೇಪ್‌ನ ಎಲ್ಲ ಬಣ್ಣದ ಜನರನ್ನು ಕರೆಯುತ್ತದೆ. 1995ರಲ್ಲಿ ಔಟ್ಸ್‌ಹೂರ್ನ್‌ನಲ್ಲಿ ಆರಂಭವಾದ ಕ್ಲೇನ್ ಕರೂ ಉತ್ಸವವೂ ಹೊಸ ಆಫ್ರಿಕಾನ್ಸ್ ನಾಟಕಗಳಿಗೆ ಮುಖ್ಯ ವೇದಿಕೆ.

ಪುರಾಣವನ್ನು ರಂಗಕ್ಕೆ ತರುವ ಕಸುಬಿನ ತೊಡಕುಗಳನ್ನೂ ನೋಡಬೇಕು, ಏಕೆಂದರೆ ಹಕ್ಕಿನ ಪ್ರಶ್ನೆ ಕೊನೆಗೆ ನಟರ ಗಂಟಲಲ್ಲೇ ಪರೀಕ್ಷೆಗೆ ಒಳಗಾಗುತ್ತದೆ. ಖಾಮ್ ಎಂಬ ಹೆಸರನ್ನೇ ತೆಗೆದುಕೊಳ್ಳೋಣ. ನಾನು ಅದನ್ನು ಕನ್ನಡದಲ್ಲಿ ಬರೆದದ್ದು ಅಪೂರ್ಣ. ಅದರ ಆರಂಭದಲ್ಲಿ ನಾವು ಮರುಕಪಟ್ಟು ಲೊಚಗುಟ್ಟುವಾಗ ಹಲ್ಲಿನ ಹಿಂದೆ ಹುಟ್ಟುವ ಸದ್ದು ಇದೆ, ಮತ್ತು ನಮ್ಮ ಲಿಪಿಯಲ್ಲಿ ಅದಕ್ಕೆ ಅಕ್ಷರವಿಲ್ಲ. ನಮಗೆ ಮಾತಿನ ಹೊರಗಿರುವ ಆ ಸದ್ದು ಅವರಿಗೆ ವ್ಯಂಜನವಾಗಿತ್ತು. ಆಫ್ರಿಕಾನ್ಸ್ ಮಾತನಾಡುವ ವಂಶಸ್ಥರ ಬಾಯಿಂದಲೂ ಅದು ಜಾರಿಹೋಗಿದೆ. ರಂಗದ ಮೇಲೆ ನಟಿಯೊಬ್ಬಳು ಆ ಸದ್ದುಗಳನ್ನು ಟಿಪ್ಪಣಿಪುಸ್ತಕದ ಗುರುತುಗಳಿಂದ ಕಲಿತು ಉಚ್ಚರಿಸಿದರೆ, ಅದು ತನ್ನ ಮುತ್ತಜ್ಜಿಯ ಮಾತನ್ನು ಪರಕೀಯ ಪದದಂತೆ ಬಾಯಿಪಾಠ ಮಾಡಿದ ಹಾಗೆ. ಆ ಉಚ್ಚಾರವನ್ನು ಅಲಂಕಾರಕ್ಕಾಗಿ ಅಲ್ಲಲ್ಲಿ ಚಿಮುಕಿಸುವ ನಿರ್ದೇಶಕರಿದ್ದಾರೆ. ನನಗೆ ಅದು ಸಲ್ಲದು. ಅದರ ಬದಲು, ನಾಲಿಗೆ ತಡವರಿಸುವುದನ್ನೇ ದೃಶ್ಯವಾಗಿಸಿದರೆ, ಕಳೆದುಕೊಂಡದ್ದರ ಪ್ರಮಾಣ ಪ್ರೇಕ್ಷಕನಿಗೆ ಕಿವಿಯಿಂದಲೇ ತಿಳಿಯುತ್ತದೆ.

ಕಥೆಗಳ ರಚನೆಯೂ ಯುರೋಪಿನ ನಾಟಕದ ಚೌಕಟ್ಟಿಗೆ ಸುಲಭವಾಗಿ ಒಗ್ಗುವುದಿಲ್ಲ. ಖಾಮ್ ಕಥೆಗಳ ಆದಿಕಾಲದಲ್ಲಿ ಪ್ರಾಣಿಗಳೂ ಮನುಷ್ಯರೇ. ಒಂದು ವಾಕ್ಯದಲ್ಲಿ ಹುಡುಗಿಯಾಗಿದ್ದವಳು ಮುಂದಿನ ವಾಕ್ಯದಲ್ಲಿ ಸಿಂಹಿಣಿಯಾಗಬಹುದು, ಅದಕ್ಕೆ ಯಾರೂ ಬೆರಗಾಗುವುದಿಲ್ಲ. ಋತುಮತಿಯಾಗಿ ಗುಡಿಸಲಿನಲ್ಲಿ ಪ್ರತ್ಯೇಕ ಕೂತಿದ್ದ ಹುಡುಗಿಯೊಬ್ಬಳು ಒಲೆಯ ಬೂದಿಯನ್ನು ಮೇಲಕ್ಕೆ ಎಸೆದಳು, ಅದು ಆಕಾಶಗಂಗೆಯಾಗಿ ರಾತ್ರಿಯ ಹೊತ್ತು ಮನೆಗೆ ಮರಳುವವರಿಗೆ ದಾರಿ ತೋರಿತು ಎಂಬ ಕಥೆಯಲ್ಲಿ ಸಂಘರ್ಷವೂ ಇಲ್ಲ, ಪರಿಹಾರವೂ ಇಲ್ಲ; ಒಂದು ಕೈಯೆತ್ತುವಿಕೆ ಇದೆ. ಮಳೆಯ ಪುರಾಣವೂ ಅಂಥದ್ದೇ. ಮಳೆ ಒಂದು ಪ್ರಾಣಿ. ಮಳೆ ತರಬಲ್ಲ ಮಂತ್ರವಾದಿಗಳು ಅದನ್ನು ನೀರಿನಿಂದ ಹೊರಕ್ಕೆಳೆದು, ಒಣಗಿದ ನೆಲದ ಮೇಲೆ ನಡೆಸಿಕೊಂಡು ಹೋಗಿ ಕೊಲ್ಲುತ್ತಾರೆ, ಅದರ ರಕ್ತ ಬಿದ್ದಲ್ಲಿ ಮಳೆ ಬೀಳುತ್ತದೆ. ಬೊಂಬೆ, ನೆರಳು, ನೃತ್ಯಗಳು ಇಲ್ಲಿ ಸಂಭಾಷಣೆಗಿಂತ ಹೆಚ್ಚು ಕೆಲಸ ಮಾಡುವುದು ಸಹಜ. ಆದರೆ ಸಂಭಾಷಣೆಯನ್ನು ಪೂರ್ತಿ ಕೈಬಿಟ್ಟು ಬರೀ ದೇಹಗಳನ್ನು ಕುಣಿಸಿದರೆ, ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಗಳಲ್ಲಿ ಮಾತಿಲ್ಲದ ದೇಹಗಳಾಗಿ ನಿಂತಿದ್ದ ಜನರನ್ನು ಮತ್ತೆ ಮೂಕರನ್ನಾಗಿಸಿದಂತೆ ಆಗುತ್ತದೆ. ಕೇಪ್‌ಟೌನ್‌ನ ವಸ್ತುಸಂಗ್ರಹಾಲಯ ತನ್ನ ಸಾನ್ ಪ್ರತಿಮೆಗಳ ಪ್ರದರ್ಶನವನ್ನು 2001ರಲ್ಲಿ ಮುಚ್ಚಿದ್ದು ಇಂಥ ಕಾರಣಗಳಿಗಾಗಿಯೇ.

ನನಗೆ ಹೆಚ್ಚು ಆಶೆ ಹುಟ್ಟಿಸಿದ ಎರಡು ಮಾದರಿಗಳಿವೆ. ಕ್ಲಾನ್‌ವಿಲಿಯಂ ಎಂಬ ಪುಟ್ಟ ಊರು ಶಿಲಾಚಿತ್ರಗಳಿಂದ ತುಂಬಿದ ಸೀಡರ್‌ಬರ್ಗ್ ಬೆಟ್ಟಗಳ ಬುಡದಲ್ಲಿದೆ. ಅಲ್ಲಿ 2000ದ ದಶಕದ ಆರಂಭದಿಂದ ಅನೇಕ ವರ್ಷ ಕೇಪ್‌ಟೌನ್ ವಿಶ್ವವಿದ್ಯಾಲಯದವರೂ ಮ್ಯಾಗ್ನೆಟ್ ಥಿಯೇಟರ್ ತಂಡದವರೂ ಒಂದು ವಾರ ಠಿಕಾಣಿ ಹೂಡಿ, ಊರಿನ ಶಾಲಾ ಮಕ್ಕಳ ಜೊತೆ ಬ್ಲೀಕ್-ಲಾಯ್ಡ್ ಭಂಡಾರದ ಒಂದೊಂದು ಕಥೆಯನ್ನು ತೆಗೆದುಕೊಂಡು ನಾಟಕ ಕಟ್ಟುತ್ತಿದ್ದರು. ಕೊನೆಯ ರಾತ್ರಿ ಕಾಗದದ ದೀಪಗಳ ಮೆರವಣಿಗೆ ಊರ ಬೀದಿಗಳಲ್ಲಿ ಸಾಗುತ್ತಿತ್ತು. ಟಿಪ್ಪಣಿಪುಸ್ತಕದಲ್ಲಿ ಸೆರೆಯಾಗಿದ್ದ ಕಥೆ ಹೀಗೆ ಆ ನೆಲದ, ಬಹುಪಾಲು ಆಫ್ರಿಕಾನ್ಸ್ ಮನೆಮಾತಿನ ಮಕ್ಕಳ ಬಾಯಿಗೆ ಮರಳಿತು. ಇನ್ನೊಂದು, ಅಥೊಲ್ ಫ್ಯೂಗಾರ್ಡ್ ರಿಯಾನಾ ಸ್ಟೇನ್ ಜೊತೆ ಸೇರಿ ಬರೆದು 2013ರಲ್ಲಿ ಕೇಪ್‌ಟೌನ್‌ನಲ್ಲಿ ಪ್ರದರ್ಶಿತವಾದ ಆಫ್ರಿಕಾನ್ಸ್ ನಾಟಕ ‘ಡಿ ಲಾಟ್‌ಸ್ಟೆ ಕರ್ರೇಕಿಖ್ರಾಫ್’. ಅದು ಪುರಾಣನಾಟಕವಲ್ಲ, ಕತ್ತೆಗಾಡಿಗಳಲ್ಲಿ ಊರೂರು ಅಲೆದು ಕುರಿತುಪ್ಪಟ ಕತ್ತರಿಸಿ ಬದುಕುತ್ತಿದ್ದ ಕರೂ ಬಯಲಿನ ‘ಗಾಡಿ ಜನ’ರ ಕುರಿತದ್ದು. ಅವರು ಖಾಮ್ ಜನರ ವಂಶಸ್ಥರು. ಕಾಗೆನ್‌ನ ಕಥೆ ಹೇಳುತ್ತಿದ್ದವರ ಮೊಮ್ಮಕ್ಕಳಿಗೆ ಇಂದು ಗಾಡಿ ನಿಲ್ಲಿಸಲು ಜಾಗವಿಲ್ಲ ಎಂಬುದನ್ನು ಹೇಳದೆ ಕಾಗೆನ್‌ನನ್ನು ಮಾತ್ರ ರಂಗಕ್ಕೆ ತರುವ ನಾಟಕ ಎಷ್ಟು ಸುಂದರವಾಗಿದ್ದರೂ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ.

ಕಾನೂನು ಮತ್ತು ನೀತಿಯ ನೆಲದಲ್ಲಿ ಗೊಂದಲ ಇನ್ನೂ ದಟ್ಟವಾಗಿದೆ. ರೂಯಿಬೋಸ್ ಚಹಾ ಗಿಡದ ಗುಣಗಳನ್ನು ಮೊದಲು ಅರಿತವರು ಸಾನ್ ಮತ್ತು ಖೋಯ್ ಜನ ಎಂದು ಒಪ್ಪಿದ ಚಹಾ ಉದ್ಯಮ, 2019ರಲ್ಲಿ, ರೈತನಿಗೆ ಕೊಡುವ ಬೆಲೆಯ ಶೇ. 1.5ರಷ್ಟನ್ನು ಆ ಸಮುದಾಯಗಳಿಗೆ ಸಲ್ಲಿಸುವ ಒಪ್ಪಂದಕ್ಕೆ ಸಹಿ ಹಾಕಿತು. ಸಾನ್ ಜನ 2017ರಲ್ಲಿ ತಮ್ಮದೇ ಸಂಶೋಧನಾ ನೀತಿಸಂಹಿತೆಯೊಂದನ್ನು ರೂಪಿಸಿ, ತಮ್ಮ ಬಳಿ ಬರುವ ವಿದ್ವಾಂಸರು ಗೌರವ, ಪ್ರಾಮಾಣಿಕತೆ, ನ್ಯಾಯಗಳಿಗೆ ಬದ್ಧರಾಗಬೇಕೆಂದು ಕೇಳಿದರು. ಎಲೆಗೆ ಬೆಲೆ ಕಟ್ಟಲು ಒಂದು ಸೂತ್ರ ಸಿಕ್ಕಿತು. ಕಥೆಗೆ ಅಂಥ ಸುಲಭ ಸೂತ್ರ ಸಿಗಲಾರದು, ಏಕೆಂದರೆ ಕಥೆಯನ್ನು ಹಂಚಿಕೊಂಡವರಲ್ಲಿ ಕೂಲಿಗಾರನ ಮೊಮ್ಮಗಳೂ ಒಡೆಯನ ಮೊಮ್ಮಗನೂ ಇದ್ದಾರೆ, ಅವನನ್ನೂ ಅದೇ ದಾದಿ ಅದೇ ಕಥೆ ಹೇಳಿ ಮಲಗಿಸಿದ್ದಾಳೆ. ಅವನು ಬರೆಯಬಾರದು ಎಂದು ನಾನು ಹೇಳಲಾರೆ. ದಾದಿಯ ಹೆಸರನ್ನು ಹೇಳದೆ ಬರೆಯಬಾರದು, ತಾಲೀಮಿನ ಕೋಣೆಯಲ್ಲಿ ಅವಳ ಮೊಮ್ಮಕ್ಕಳಿಗೆ ಬೇಡ ಎನ್ನುವ ಅಧಿಕಾರ ಇರದಿದ್ದರೆ ಆಡಬಾರದು ಎಂದು ಹೇಳುತ್ತೇನೆ.

ಇನ್ನೊಂದು ಸಂಗತಿ ಮನಸ್ಸಿಗೆ ಹೆಚ್ಚು ನೋವು ಕೊಡುವಂಥದ್ದು. ದಕ್ಷಿಣ ಆಫ್ರಿಕಾದ ರಾಷ್ಟ್ರಲಾಂಛನದ ಮೇಲಿನ ಧ್ಯೇಯವಾಕ್ಯ 2000ನೆಯ ಇಸವಿಯಿಂದ ಖಾಮ್ ಭಾಷೆಯಲ್ಲಿದೆ; ಭಿನ್ನ ಜನರು ಒಂದಾಗಲಿ ಎಂದು ಅದರ ಅರ್ಥ. ಆದರೆ ದೇಶದ 12 ಅಧಿಕೃತ ಭಾಷೆಗಳಲ್ಲಿ ಖೋಯ್ ಅಥವಾ ಸಾನ್ ಭಾಷೆ ಒಂದೂ ಇಲ್ಲ. 2020ರಲ್ಲಿ ಉನ್ನತ ಶಿಕ್ಷಣದ ಭಾಷಾನೀತಿ ಪ್ರಕಟವಾದಾಗ, ದಕ್ಷಿಣದ ಬಂಟು ಕುಟುಂಬಕ್ಕೆ ಸೇರಿದವು ಮಾತ್ರ ದೇಶೀ ಭಾಷೆಗಳು ಎಂಬ ವ್ಯಾಖ್ಯೆ ಅದರಲ್ಲಿತ್ತು. ಆಫ್ರಿಕಾನ್ಸ್ ಹೊರಗುಳಿಯಿತೆಂದು ದೊಡ್ಡ ಗದ್ದಲವಾಯಿತು. ಆ ವಾಕ್ಯವನ್ನು ಅಕ್ಷರಶಃ ಓದಿದರೆ, ಆ ನೆಲದ ಅತಿ ಹಳೆಯ ಭಾಷೆಗಳಾದ ಖೋಯ್ ಮತ್ತು ಸಾನ್ ಭಾಷೆಗಳೂ ಬಂಟು ಕುಟುಂಬದವಲ್ಲವಾದ್ದರಿಂದ ಆಫ್ರಿಕಾನ್ಸ್ ಜೊತೆಗೇ ಬಾಗಿಲ ಹೊರಗೆ ನಿಂತಿದ್ದವು.

ಇದೇ ಜೋಡಿಯನ್ನು ಬೇರೆ ರೀತಿಯಲ್ಲಿ ಕಾಣಬೇಕೆಂದರೆ ಉತ್ತರ ಕೇಪ್‌ನ ಅಪಿಂಗ್ಟನ್‌ಗೆ ಹೋಗಬೇಕು. 1933ರಲ್ಲಿ ಹುಟ್ಟಿದ ಕತ್ರಿನಾ ಏಸಾವ್, ಖಾಮ್ ಭಾಷೆಗೆ ಬಂಧುವಾದ ‘ನೂ’ ಭಾಷೆಯನ್ನು ಸರಾಗವಾಗಿ ಆಡುವವರಲ್ಲಿ ಕೊನೆಯವರೆಂದು ಹೆಸರಾದವರು. ಬಾಲ್ಯದಲ್ಲಿ ಜಮೀನಿನ ಒಡೆಯ ಅದು ಕೆಟ್ಟ ಭಾಷೆ ಎಂದು ಗದರಿದ ಮೇಲೆ ಆಕೆ ಆಫ್ರಿಕಾನ್ಸ್ ಆಡುತ್ತಲೇ ಬೆಳೆದರು. ಮುಪ್ಪಿನಲ್ಲಿ ತಮ್ಮ ಮನೆಯಲ್ಲೇ ಮಕ್ಕಳನ್ನು ಕೂರಿಸಿಕೊಂಡು ಆ ಕಳೆದ ಭಾಷೆಯನ್ನು ಕಲಿಸತೊಡಗಿದರು. 2021ರಲ್ಲಿ ಮೊಮ್ಮಗಳು ಕ್ಲಾಡಿಯಾ ಸ್ನೈಮನ್ ಜೊತೆ ಸೇರಿ ಆಮೆ ಮತ್ತು ಉಷ್ಟ್ರಪಕ್ಷಿಯ ಹಳೆಯ ಕಥೆಯೊಂದನ್ನು ಮಕ್ಕಳ ಪುಸ್ತಕವಾಗಿ ತಂದರು. ಆ ಪುಸ್ತಕದಲ್ಲಿ ನೂ ಭಾಷೆಯ ಜೊತೆಗೆ ಆಫ್ರಿಕಾನ್ಸ್ ಕೂಡ ಇದೆ, ಯಾಕೆಂದರೆ ಆಕೆಯ ಮುಂದೆ ಕೂರುವ ಮಕ್ಕಳು ಮನೆಯಲ್ಲಿ ಆಡುವುದು ಅದನ್ನೇ; ಲೊಚಗುಟ್ಟುವ ಸದ್ದುಗಳಿಂದ ತುಂಬಿದ ತಮ್ಮದೇ ಪೂರ್ವಜರ ವಾಕ್ಯ ಏನು ಹೇಳುತ್ತದೆ ಎಂದು ಅವರಿಗೆ ಗೊತ್ತಾಗುವುದು ಆಫ್ರಿಕಾನ್ಸ್ ಸಾಲನ್ನು ಓದಿಕೊಂಡ ಮೇಲೆ.